ಗ್ಯಾರೇಜಿನಲ್ಲೇ ನಿಂತ ಡೈನೋಸಾರ್ ಸಿನಿಮಾ: ರೇ ಹ್ಯಾರಿಹೌಸನ್ ಅವರ ‘ಎವಲ್ಯೂಷನ್’ ಪ್ರಕರಣ

ಡಿಸ್ನಿಯವರ ‘ಫ್ಯಾಂಟೇಸಿಯಾ’ ಅನ್ನುವ ಕಾರ್ಟೂನ್ ಸಿನಿಮಾ 1940ರ ನವೆಂಬರ್‌ನಲ್ಲಿ ಬಿಡುಗಡೆ ಆಯಿತು. ಅದನ್ನು ನೋಡಿದ ಲಾಸ್ ಏಂಜಲೀಸ್‌ನ ಒಬ್ಬ ಹುಡುಗ, ಸುಮಾರು ಎರಡು ವರ್ಷದಿಂದ ಮನೆಯ ಗ್ಯಾರೇಜಿನಲ್ಲಿ ತಾನೊಬ್ಬನೇ ಕೂತು ಮಾಡುತ್ತಿದ್ದ ಸಿನಿಮಾವನ್ನು ಕೈಬಿಟ್ಟ. ಹುಡುಗನ ಹೆಸರು ರೇ ಹ್ಯಾರಿಹೌಸನ್. ವಯಸ್ಸು 20ರ ಆಸುಪಾಸು. ಸಿನಿಮಾದ ಹೆಸರು ‘ಎವಲ್ಯೂಷನ್’. ಭೂಮಿಯ ಮೇಲೆ ಜೀವ ಹುಟ್ಟಿದಲ್ಲಿಂದ ಶುರುವಾಗಿ, ಡೈನೋಸಾರ್‌ಗಳ ಕಾಲ ದಾಟಿ, ಹಾಲೂಡುವ ಪ್ರಾಣಿಗಳ ತನಕ ಬರಬೇಕು ಅನ್ನುವುದು ಅವನ ಯೋಜನೆ. ಎಲ್ಲವೂ ಗೊಂಬೆಗಳಲ್ಲಿ, ಒಂದೊಂದೇ ಫ್ರೇಮ್ ತೆಗೆದು ಮಾಡುವ ಸ್ಟಾಪ್ ಮೋಷನ್ನಿನಲ್ಲಿ.

ಮುಂದೆ ಇದೇ ಹುಡುಗ ಸ್ಟಾಪ್ ಮೋಷನ್ ಅಂದ ಕೂಡಲೇ ನೆನಪಾಗುವ ಹೆಸರಾದ. 1963ರ ‘ಜೇಸನ್ ಆ್ಯಂಡ್ ದಿ ಆರ್ಗೊನಾಟ್ಸ್’ನಲ್ಲಿ 7 ಅಸ್ಥಿಪಂಜರಗಳು ಕತ್ತಿ ಹಿಡಿದು ಮನುಷ್ಯರ ಜೊತೆ ಕಾದಾಡುತ್ತವಲ್ಲ, ಅದು ಅವರದೇ ಕೈಕೆಲಸ. ಆದರೆ ನನಗೆ ಜಾಸ್ತಿ ಕಾಡುವುದು ಆ ಗೆದ್ದ ಸಿನಿಮಾಗಳಲ್ಲ, ಮುಗಿಯದೆ ನಿಂತ ಈ ಮೊದಲನೆಯದು. (ಇದು ಅವರ ಹದಿಹರೆಯದ ಕಥೆ. ಹಾಗಾಗಿ ಇಲ್ಲಿ ಸುಮ್ನೆ ರೇ ಅಂತಲೇ ಕರೆಯುತ್ತೇನೆ, ದೊಡ್ಡವರಾದ ಮೇಲಿನ ಮಾತು ಬಂದಾಗ ಅವರು ಎನ್ನುತ್ತೇನೆ.)

ಈ ಕಥೆಯನ್ನು ಸಾಮಾನ್ಯವಾಗಿ ಎರಡೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಡಿಸ್ನಿಯವರು ಅದೇ ವಿಷಯವನ್ನು ಮೊದಲು ಮಾಡಿಬಿಟ್ಟರು, ಹುಡುಗ ಮನಸ್ಸು ಮುರಿದು ಬಿಟ್ಟುಬಿಟ್ಟ. ಇದು ಸುಳ್ಳಲ್ಲ, ರೇ ಕೂಡ ಹಾಗೇ ಹೇಳಿಕೊಂಡಿದ್ದಾರೆ. ಆದರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಡಿಸ್ನಿ ಅಂತ ಒಬ್ಬರು ಇಲ್ಲದೇ ಇದ್ದಿದ್ದರೂ ‘ಎವಲ್ಯೂಷನ್’ ಮುಗಿಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಅದು ನಿಂತದ್ದು ಆಯ್ದುಕೊಂಡ ಕಥೆಯ ಆಕಾರದಿಂದ. ಯಾಕೆ ಅಂತ ಬಿಡಿಸಿ ಹೇಳುವುದಕ್ಕೇ ಇಷ್ಟು ಬರೆಯಲು ಕೂತಿದ್ದೇನೆ.

ಇದರಲ್ಲಿ ನನಗೇನು ಆಸಕ್ತಿ ಅಂತ ಕೇಳಬಹುದು. ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರಲ್ಲಿ ಜೇಡಿಮಣ್ಣಿನ ಎರಡು ಆನೆ, ತಂತಿಯ ಮೇಲೆ ಬಟ್ಟೆ ಸುತ್ತಿ ಮಾಡಿದ ಒಬ್ಬ ಮಾವುತ, ಥರ್ಮಾಕೋಲಿನ ಅರ್ಧ ಅರಮನೆ ಇವೆ. ಹಳೇ ಫೋನಿನಲ್ಲಿ 412 ಫೋಟೋ ಇವೆ. ಸೆಕೆಂಡಿಗೆ 12 ಫೋಟೋ ಲೆಕ್ಕದಲ್ಲಿ ಅದು 34 ಸೆಕೆಂಡಿನ ಸಿನಿಮಾ. ಮೈಸೂರು ದಸರಾದ ಜಂಬೂಸವಾರಿಯನ್ನು ಪೂರ್ತಿ ಗೊಂಬೆಯಲ್ಲಿ ಮಾಡಬೇಕು ಅಂತ ಹೊರಟಿದ್ದೆ. ನಿಂತುಹೋಯಿತು. ಯಾಕೆ ನಿಂತಿತು ಅನ್ನುವುದು ನನಗೆ ಅರ್ಥವಾದದ್ದು ರೇ ಅವರ ಈ ಪ್ರಕರಣವನ್ನು ಹತ್ತಿರದಿಂದ ನೋಡಿದ ಮೇಲೆಯೇ.

ಮೊದಲಿನಿಂದ ಹೇಳುತ್ತೇನೆ.

ರೇ ಹುಟ್ಟಿದ್ದು 1920ರ ಜೂನ್ 29ರಂದು, ಲಾಸ್ ಏಂಜಲೀಸ್‌ನಲ್ಲಿ. 1933ರಲ್ಲಿ ‘ಕಿಂಗ್ ಕಾಂಗ್’ ಬಂದಾಗ ಅವನಿಗೆ ಇನ್ನೂ 13 ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು. ಅವನ ಚಿಕ್ಕಮ್ಮನೋ ಅತ್ತೆಯೋ ಒಬ್ಬರು ನರ್ಸ್. ಗ್ರೌಮನ್ಸ್ ಚೈನೀಸ್ ಥಿಯೇಟರ್ ಮಾಲೀಕ ಸಿಡ್ ಗ್ರೌಮನ್ ಅವರ ತಾಯಿಯನ್ನು ನೋಡಿಕೊಳ್ಳುತ್ತಿದ್ದರು. ಹಾಗಾಗಿ ಪುಕ್ಕಟೆ ಟಿಕೆಟ್ ಸಿಕ್ಕಿತು. ಅಲ್ಲಿ ದೈತ್ಯ ಗೊರಿಲ್ಲಾ ಡೈನೋಸಾರ್ ಜೊತೆ ಗುದ್ದಾಡುವುದನ್ನು ನೋಡಿ ಹೊರಬಂದ ಹುಡುಗ ಮತ್ತೆ ಮೊದಲಿನ ಹಾಗೆ ಆಗಲೇ ಇಲ್ಲ. ಅದು ವೇಷ ಹಾಕಿದ ಮನುಷ್ಯ ಅಲ್ಲ ಅಂತ ಅವನಿಗೆ ಕಣ್ಣಿಗೇ ಗೊತ್ತಾಗಿತ್ತು. ಹಾಗಾದರೆ ಏನು? ಹುಡುಕುತ್ತಾ ಹೋದ. ವಿಲ್ಲಿಸ್ ಓಬ್ರಿಯನ್ ಅನ್ನುವವರು ಸಣ್ಣ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ, ಒಂದು ಫ್ರೇಮ್ ತೆಗೆದು, ಮತ್ತೆ ಸರಿಸಿ, ಮತ್ತೆ ತೆಗೆದು ಅದನ್ನೆಲ್ಲ ಮಾಡಿದ್ದಾರೆ ಅಂತ ತಿಳಿಯಿತು.

ತಿಳಿದ ಮೇಲೆ ಸುಮ್ಮನಿರುವುದು ಆಗುತ್ತದಾ? ಮೊದಲು ಒಂದು ಗುಹೆ ಕರಡಿ ಮಾಡಿದ. ಒಳಗೆ ಮರದ ಕೀಲು, ಹೊರಗೆ ಅಮ್ಮನ ಹಳೇ ಫರ್ ಕೋಟಿನ ತುಂಡು. ಗೆಳೆಯನೊಬ್ಬನಿಂದ 16 ಎಂಎಂ ಕ್ಯಾಮೆರಾ ಸಾಲ ತಂದು, ಮನೆಯ ಹೊರಗೆ ಬಿಸಿಲಲ್ಲೇ ಚಿತ್ರೀಕರಣ. ಕರಡಿ ನಡೆಯಿತು, ಆದರೆ ನೆರಳು ಕೂಡ ನಡೆಯಿತು! ಒಂದೊಂದು ಫ್ರೇಮ್ ತೆಗೆಯುವಷ್ಟರಲ್ಲಿ ಸೂರ್ಯ ಮುಂದೆ ಹೋಗಿರುತ್ತಾನೆ. ಪರದೆಯ ಮೇಲೆ ಅದು ಕೆಲವೇ ಸೆಕೆಂಡಿನ ಆಟ, ಆದರೆ ಆ ಸೆಕೆಂಡುಗಳೊಳಗೆ ಅರ್ಧ ದಿನದ ನೆರಳು ಸರಸರ ಸರಿದುಬಿಡುತ್ತದೆ. ನನ್ನ ಮೊದಲ 60 ಫೋಟೋಗಳೂ ಹೀಗೇ ಹಾಳಾದವು. ಕಿಟಕಿ ಪಕ್ಕದ ಮೇಜಿನ ಮೇಲೆ, ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಸಿದೆ. ಓಡಿಸಿ ನೋಡಿದರೆ ಆನೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಕಿಟಕಿಯ ಸರಳಿನ ನೆರಳು ಇಡೀ ಮೇಜು ದಾಟಿತ್ತು. ಈ ತಪ್ಪನ್ನು ಯಾರು ಹೇಳಿಕೊಟ್ಟರೂ ತಲೆಗೆ ಹೋಗುವುದಿಲ್ಲ, ಮಾಡಿಯೇ ಕಲಿಯಬೇಕು. ರೇ ಕೂಡ ಕಲಿತ, ಗ್ಯಾರೇಜಿನೊಳಗೆ ದೀಪದ ಬೆಳಕಿಗೆ ಬಂದ.

ಅವನಿಗೆ ಸಿಕ್ಕ ದೊಡ್ಡ ಭಾಗ್ಯ ಅವನ ಅಪ್ಪ ಅಮ್ಮ. ಅಪ್ಪ ಫ್ರೆಡ್ ಲೋಹದ ಕೆಲಸ ಬಲ್ಲ ಮೆಷಿನಿಸ್ಟ್. ಗೊಂಬೆಯ ಒಳಗೆ ಹಾಕುವ ಲೋಹದ ಅಸ್ಥಿಪಂಜರಗಳನ್ನು, ಅಂದರೆ ಗುಂಡು ಮತ್ತು ಬಟ್ಟಲಿನ ಕೀಲುಗಳನ್ನು, ಮಗ ಬರೆದುಕೊಟ್ಟ ನಕ್ಷೆ ನೋಡಿ ಮಾಡಿಕೊಡುತ್ತಿದ್ದರು. ನಮ್ಮ ಭುಜದ ಕೀಲು ಇರುತ್ತಲ್ಲ, ಅದೇ ತರಹ. ಯಾವ ಕಡೆಗೆ ಬೇಕಾದರೂ ತಿರುಗಬೇಕು, ತಿರುಗಿಸಿ ಬಿಟ್ಟಲ್ಲೇ ನಿಲ್ಲಬೇಕು. ಬರೀ ತಂತಿ ಹಾಕಿದರೆ ನಾಲ್ಕು ದಿನ ಬಾಗಿಸಿದ ಮೇಲೆ ಒಳಗೇ ಮುರಿಯುತ್ತದೆ, ಅದೂ ಸರಿಯಾಗಿ ದೃಶ್ಯದ ಮಧ್ಯದಲ್ಲಿ. (ನನ್ನ ಮಾವುತನ ಬಲಗೈ ಹೋದದ್ದು ಹೀಗೇ.) ಅಮ್ಮ ಮಾರ್ಥಾ ಮುಂದಿನ ಗೊಂಬೆಗಳಿಗೆ ಬಟ್ಟೆ ಹೊಲಿದುಕೊಟ್ಟರು. ಮಗ ದೊಡ್ಡವನಾಗಿ ಲಂಡನ್ನಿಗೆ ಹೋಗಿ ನೆಲೆಸಿದ ಮೇಲೂ ಅಪ್ಪ ಲಾಸ್ ಏಂಜಲೀಸ್‌ನಿಂದಲೇ ಕೀಲು ಮಾಡಿ ಕಳಿಸುತ್ತಿದ್ದರು, 1973ರಲ್ಲಿ ತೀರಿಕೊಳ್ಳುವವರೆಗೂ. ಇದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ಮಗನ ಗೊಂಬೆಯಾಟವನ್ನು ಒಬ್ಬ ಅಪ್ಪ ಅಷ್ಟು ವರ್ಷ ಕೆಲಸ ಅಂತಲೇ ನಂಬಿದರು, ಅಲ್ವಾ.

ಹೈಸ್ಕೂಲಿನಲ್ಲಿ ಓದುವಾಗ ಇನ್ನೊಂದು ಘಟನೆ. ತರಗತಿಯ ಒಬ್ಬ ಹುಡುಗಿಯ ಕೈಯಲ್ಲಿ ‘ಕಿಂಗ್ ಕಾಂಗ್’ ಚಿತ್ರಗಳಿದ್ದ ಪುಸ್ತಕ ಕಂಡಿತು. ಕೇಳಿದರೆ, ಅವಳ ಅಪ್ಪ ಓಬ್ರಿಯನ್ ಜೊತೆ ಕೆಲಸ ಮಾಡಿದವರಂತೆ. ಓಬ್ರಿಯನ್ ಅವರಿಗೆ ನೀನೇ ಫೋನ್ ಮಾಡಿಬಿಡು ಅಂದಳು. ಓಬ್ರಿಯನ್ ಆಗ ಎಂಜಿಎಂ ಸ್ಟುಡಿಯೋದಲ್ಲಿ ‘ವಾರ್ ಈಗಲ್ಸ್’ ಅನ್ನುವ ದೊಡ್ಡ ಸಿನಿಮಾದ ತಯಾರಿಯಲ್ಲಿದ್ದರು. ರೇ ತನ್ನ ಡೈನೋಸಾರ್ ಗೊಂಬೆಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋದ. ಓಬ್ರಿಯನ್ ಅವನ ಸ್ಟೆಗೊಸಾರಸ್ ನೋಡಿ ಹೊಗಳಲಿಲ್ಲ. ಕಾಲುಗಳು ಸಾಸೇಜಿನ ಹಾಗಿವೆ, ಒಳಗೆ ಸ್ನಾಯು ಎಲ್ಲಿದೆ, ಮೊದಲು ಪ್ರಾಣಿಗಳ ಮೈಕಟ್ಟು ಓದು ಅಂದರು. ಹುಡುಗ ಸಿಟ್ಟು ಮಾಡಿಕೊಳ್ಳಲಿಲ್ಲ. ಲಾಸ್ ಏಂಜಲೀಸ್ ಸಿಟಿ ಕಾಲೇಜಿನಲ್ಲಿ ಕಲೆ ಮತ್ತು ಅಂಗರಚನೆ ಕಲಿತ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಜೆ ತರಗತಿಗಳಲ್ಲಿ ಸಿನಿಮಾ ಕಲೆ, ಛಾಯಾಗ್ರಹಣ, ಸಂಕಲನ ಕಲಿತ. ಮೊದಲ ಭೇಟಿಯಲ್ಲೇ ನೇರವಾಗಿ ತಪ್ಪು ತೋರಿಸುವ ಹಿರಿಯರು ಸಿಕ್ಕರೆ ಅದು ದೊಡ್ಡ ಲಾಭ. ಹವ್ಯಾಸಿಗಳಿಗೆ ಸಾಮಾನ್ಯವಾಗಿ ಸಿಗುವುದು ‘ವಾವ್, ಸೂಪರ್’ ಮಾತ್ರ.

ಈ ಎಲ್ಲದರ ನಡುವೆ, 1938ರ ಹೊತ್ತಿಗೆ, ‘ಎವಲ್ಯೂಷನ್’ ಶುರುವಾಯಿತು. 16 ಎಂಎಂ ಬಣ್ಣದ ಫಿಲ್ಮ್. ಚಾರ್ಲ್ಸ್ ನೈಟ್ ಅನ್ನುವ ಕಲಾವಿದರು ಡೈನೋಸಾರ್‌ಗಳ ದೊಡ್ಡ ದೊಡ್ಡ ಚಿತ್ರಗಳನ್ನು ಮ್ಯೂಸಿಯಂಗಳಿಗೆ ಬರೆದಿದ್ದರು. ಆ ಚಿತ್ರಗಳ ಬೆಳಕು, ಆ ಕಾಡಿನ ಮಬ್ಬು ತನ್ನ ಮೇಜಿನ ಮೇಲೆ ಬರಬೇಕು ಅನ್ನುವುದು ರೇಯ ಆಸೆ. ಪುಟ್ಟ ಗಿಡ, ಪುಟ್ಟ ಬಂಡೆ, ಹಿಂದೆ ಬಣ್ಣ ಬಳಿದ ಆಕಾಶ. ಉದ್ದ ಕುತ್ತಿಗೆಯ ದೊಡ್ಡ ಡೈನೋಸಾರ್ ಒಂದು, ಅದರ ಮೇಲೆ ಬೀಳುವ ಮಾಂಸಾಹಾರಿ ಆಲೊಸಾರಸ್ ಇನ್ನೊಂದು.

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಈ ಪ್ರಕರಣದ ಜೀವ ಇರುವುದೇ ಈ ಲೆಕ್ಕದಲ್ಲಿ.

ಧ್ವನಿ ಇರುವ ಸಿನಿಮಾಗೆ ಸೆಕೆಂಡಿಗೆ 24 ಫ್ರೇಮ್ ಬೇಕು. ನಿಮಿಷಕ್ಕೆ 1,440. ಹತ್ತು ನಿಮಿಷಕ್ಕೆ 14,400. ಕಾಲೇಜು ಮುಗಿಸಿ ಬಂದು ಒಂದು ಸಂಜೆಗೆ 50 ಫ್ರೇಮ್ ತೆಗೆದರೂ (ಇದು ತುಂಬಾ ಉದಾರವಾದ ಲೆಕ್ಕ) ಹತ್ತು ನಿಮಿಷದ ಸಿನಿಮಾಗೆ 288 ಸಂಜೆ. ಒಂದೇ ಭಂಗಿಯನ್ನು ಎರಡೆರಡು ಫ್ರೇಮ್ ತೆಗೆದರೆ ಅರ್ಧ ಉಳಿಯುತ್ತದೆ ನಿಜ, ಆದರೆ ವೇಗದ ಜಗಳದಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಪ್ರತಿ ಭಂಗಿಗೂ ನಾಲ್ಕು ಕಾಲು, ಬಾಲ, ಕುತ್ತಿಗೆ, ದವಡೆ ಎಲ್ಲವನ್ನೂ ಮುಟ್ಟಬೇಕು. ಬಾಲಕ್ಕೇ ಏಳೆಂಟು ಕೀಲು. ಯಾವ ಕಾಲು ಮುಂದೆ ಹೋಗುತ್ತಿತ್ತು, ಬಾಲ ಎಡಕ್ಕೆ ಬರುತ್ತಿತ್ತೋ ಬಲಕ್ಕೋ, ಇದೆಲ್ಲ ತಲೆಯಲ್ಲೇ ಇಟ್ಟುಕೊಳ್ಳಬೇಕು. ಎರಡು ಪ್ರಾಣಿ ಕಾದಾಡುತ್ತಿದ್ದರೆ ಎಲ್ಲವೂ ಎರಡರಷ್ಟು. ಮಧ್ಯೆ ಯಾರೋ ಬಾಗಿಲು ತಟ್ಟಿ ಕಾಫಿಗೆ ಕರೆದರೆ ಮುಗಿಯಿತು, ವಾಪಸ್ ಬಂದಾಗ ಲೆಕ್ಕ ತಪ್ಪಿರುತ್ತದೆ. ಈ ಕಸುಬಿನವರು ಸೂಜಿಯಂತಹ ಮುಳ್ಳಿರುವ ಒಂದು ಕಬ್ಬಿಣದ ಸ್ಟ್ಯಾಂಡ್ ಇಟ್ಟುಕೊಳ್ಳುತ್ತಾರೆ. ಮುಳ್ಳಿನ ತುದಿಯನ್ನು ಗೊಂಬೆಯ ಮೂಗಿಗೆ ತಾಗಿಸಿ, ಗೊಂಬೆಯನ್ನು ಸರಿಸಿ, ಮೂಗು ಮುಳ್ಳಿನಿಂದ ಎಷ್ಟು ದೂರ ಹೋಯಿತು ನೋಡಿ, ಸ್ಟ್ಯಾಂಡ್ ತೆಗೆದು ಫ್ರೇಮ್ ತೆಗೆಯುತ್ತಾರೆ. ತೆಗೆಯಲು ಮರೆತರೆ ಅದೂ ಸಿನಿಮಾದಲ್ಲಿ ಬರುತ್ತದೆ.

ಈಗ ನಮ್ಮ ಹತ್ತಿರ ಫೋನ್ ಇದೆ, ಹಿಂದಿನ ಫೋಟೋದ ಮೇಲೆ ಈಗಿನದನ್ನು ತೆಳುವಾಗಿ ತೋರಿಸುವ ಆ್ಯಪ್ ಇದೆ, ತಪ್ಪಾದರೆ ಅಳಿಸಿ ಮತ್ತೆ ತೆಗೆಯಬಹುದು. 1938ರಲ್ಲಿ ಫಿಲ್ಮನ್ನು ಲ್ಯಾಬಿಗೆ ಕಳಿಸಿ, ಅದು ತೊಳೆದು ಬರುವ ತನಕ ಕಾದು, ಆಮೇಲೆ ಪ್ರೊಜೆಕ್ಟರಿಗೆ ಹಾಕಿದರೆ ಮಾತ್ರ ಡೈನೋಸಾರ್ ನಡೆಯಿತೋ ಕುಂಟಿತೋ ಗೊತ್ತಾಗುವುದು. ಕುಂಟಿದ್ದರೆ ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ.

ಆದರೂ ಬರೀ ಸಂಖ್ಯೆಯಿಂದ ಸಿನಿಮಾ ನಿಲ್ಲುವುದಿಲ್ಲ. 288 ಸಂಜೆ ಅಂದರೆ ಒಂದು ವರ್ಷ. ರೇ ತರಹದವನಿಗೆ ಒಂದು ವರ್ಷ ಏನೂ ಅಲ್ಲ. ಮುಂದೆ ಆ ಅಸ್ಥಿಪಂಜರಗಳ ಜಗಳಕ್ಕೆ, ಪರದೆಯ ಮೇಲೆ ಮೂರ್ನಾಲ್ಕು ನಿಮಿಷ ಬರುವ ದೃಶ್ಯಕ್ಕೆ, ನಾಲ್ಕೂವರೆ ತಿಂಗಳು ಕೂತರು, ಕೆಲವು ದಿನ 13 ಫ್ರೇಮ್ ಆದರೆ ಅದೇ ದೊಡ್ಡದು. ತಾಳ್ಮೆಗೆ ಅವರಲ್ಲಿ ಬರವೇ ಇರಲಿಲ್ಲ.

ಸಮಸ್ಯೆ ಇದ್ದದ್ದು ಬೇರೆ ಕಡೆ. ‘ಎವಲ್ಯೂಷನ್’ ಅನ್ನುವ ಕಥೆಯಲ್ಲಿ ಯಾವ ಪ್ರಾಣಿಯೂ ಉಳಿಯುವ ಹಾಗಿಲ್ಲ. ಒಂದು ಬರಬೇಕು, ಹೋಗಬೇಕು, ಮುಂದಿನದು ಬರಬೇಕು. ವಿಷಯವೇ ಅದು! ಒಂದು ಡೈನೋಸಾರ್ ಗೊಂಬೆಗೆ ಅಪ್ಪನ ಕೀಲು, ಅದರ ಮೇಲೆ ಸ್ನಾಯುವಿನ ಆಕಾರ, ಅದರ ಮೇಲೆ ರಬ್ಬರಿನ ಚರ್ಮ, ಬಣ್ಣ, ಕಣ್ಣು, ಹಲ್ಲು ಎಲ್ಲ ಸೇರಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೆಲಸ. ಅಷ್ಟೆಲ್ಲ ಮಾಡಿದ ಗೊಂಬೆ ಪರದೆಯ ಮೇಲೆ ಒಂದು ನಿಮಿಷ ಇದ್ದು ಹೋದರೆ, ಮುಂದಿನ ನಿಮಿಷಕ್ಕೆ ಮತ್ತೊಂದು ಗೊಂಬೆ ಬೇಕು, ಅದಕ್ಕೆ ಮತ್ತೊಂದು ಕಾಡು ಬೇಕು, ಯಾಕೆಂದರೆ ಕಾಲವೂ ಬದಲಾಗಿದೆ. ಹೀಗೆ ಗೊಂಬೆಗಳನ್ನು ನುಂಗುತ್ತಾ ಹೋಗುವ ಕಥೆ ಅದು. ‘ಕಿಂಗ್ ಕಾಂಗ್’ ಹಾಗಲ್ಲ ನೋಡಿ. ಅಲ್ಲಿ ಒಂದು ಗೊರಿಲ್ಲಾ. ಡೈನೋಸಾರ್‌ಗಳು ಬಂದು ಹೋಗುತ್ತವೆ, ಆದರೆ ಕಾಂಗ್ ಕೊನೇ ತನಕ ಇರುತ್ತಾನೆ, ಅವನಿಗಾಗಿ ನಾವು ಕೂತು ನೋಡುತ್ತೇವೆ. ‘ಎವಲ್ಯೂಷನ್’ನಲ್ಲಿ ನಾವು ಯಾರಿಗಾಗಿ ಕಾಯಬೇಕು? ಯಾರೂ ಇಲ್ಲ. ಎಲ್ಲಿ ಮುಗಿಯಬೇಕು? ಎಲ್ಲಿ ಬೇಕಾದರೂ ಮುಗಿಯಬಹುದು, ಅಂದರೆ ಎಲ್ಲಿಯೂ ಮುಗಿಯುವುದಿಲ್ಲ.

ನನ್ನ ಜಂಬೂಸವಾರಿಯ ರೋಗವೂ ಇದೇ ಆಗಿತ್ತು. ಮೆರವಣಿಗೆ ಅಂದರೇನು? ಒಂದು ಬರುತ್ತದೆ, ಹೋಗುತ್ತದೆ, ಇನ್ನೊಂದು ಬರುತ್ತದೆ. ನಿಶಾನೆ ಆನೆ, ನೌಫತ್ ಆನೆ, ಕುದುರೆ ದಳ, ಪೊಲೀಸ್ ಬ್ಯಾಂಡ್, ಡೊಳ್ಳು ಕುಣಿತದವರು, ಸ್ತಬ್ಧಚಿತ್ರಗಳು, ಕೊನೆಗೆ ಅಂಬಾರಿ. ಪ್ರತಿಯೊಂದೂ ಹೊಸ ಗೊಂಬೆ, ಪ್ರತಿಯೊಂದಕ್ಕೂ ಹತ್ತು ಸೆಕೆಂಡ್. ಒಂದು ಡೊಳ್ಳಿನ ತಂಡಕ್ಕೇ 12 ಜನ ಬೇಕು. ನಾನು ಇದನ್ನು ಎರಡು ವರ್ಷ ಸಮಯ ಸಾಲದ ಸಮಸ್ಯೆ ಅಂದುಕೊಂಡಿದ್ದೆ. ರಜೆ ಸಿಗಲಿ, ಮಾಡಿಬಿಡುತ್ತೇನೆ ಅಂತ. ರಜೆ ಸಿಕ್ಕಿತು, ಎರಡನೇ ಆನೆ ಆಯಿತು, ಅಷ್ಟೇ.

ಇದರ ಜೊತೆಗೆ ಇನ್ನೊಂದು ಬಲೆ ಇದೆ. ಮಾಡುತ್ತಾ ಮಾಡುತ್ತಾ ಕೈ ಪಳಗುತ್ತದೆ. ಎರಡನೇ ವರ್ಷದ ಆನೆ ಮೊದಲನೇ ವರ್ಷದ ಆನೆಗಿಂತ ಚೆನ್ನಾಗಿರುತ್ತದೆ, ನಡಿಗೆಯೂ ಚೆನ್ನಾಗಿರುತ್ತದೆ. ಆಗ ಹಳೇ ದೃಶ್ಯ ನೋಡಲು ಹಿಂಸೆ ಆಗುತ್ತದೆ. ಮತ್ತೆ ತೆಗೆಯೋಣ ಅನ್ನಿಸುತ್ತದೆ. ಮತ್ತೆ ತೆಗೆದರೆ ಮುಂದಿನದು ನಿಲ್ಲುತ್ತದೆ. ಹದಿನೆಂಟರಿಂದ ಇಪ್ಪತ್ತರ ವಯಸ್ಸಿನಲ್ಲಿ, ಹಗಲು ಅಂಗರಚನೆ ಓದಿ ರಾತ್ರಿ ಗೊಂಬೆ ಕುಣಿಸುವ ಹುಡುಗನ ಕೈ ಎಷ್ಟು ಬೇಗ ಬೆಳೆದಿರಬೇಡ! ಅಷ್ಟು ಬೇಗ ಬೆಳೆಯುತ್ತಿರುವವನಿಗೆ ವರ್ಷಗಟ್ಟಲೆ ಎಳೆಯುವ ಒಂದೇ ಸಿನಿಮಾ ಹಿಡಿಸುವುದಿಲ್ಲ. ಒಂದು ತಿಂಗಳು ಬೆಳೆದ ಮಗುವಿಗೆ ಹಿಂದಿನ ತಿಂಗಳ ಅಂಗಿ ಹಾಕಿದ ಹಾಗೆ.

ಇಂಥ ಹೊತ್ತಿನಲ್ಲಿ ಬಂತು ‘ಫ್ಯಾಂಟೇಸಿಯಾ’. ಅದರಲ್ಲಿ ಸ್ಟ್ರಾವಿನ್ಸ್ಕಿಯವರ ಸಂಗೀತಕ್ಕೆ ಸುಮಾರು 20 ನಿಮಿಷದ ಒಂದು ಭಾಗ. ಭೂಮಿ ಹುಟ್ಟುವುದು, ಜ್ವಾಲಾಮುಖಿಗಳು, ನೀರಿನಲ್ಲಿ ಮೊದಲ ಜೀವ, ಡೈನೋಸಾರ್‌ಗಳು, ಮಳೆಯಲ್ಲಿ ಒಂದು ಭಯಂಕರ ಕಾಳಗ, ಕೊನೆಗೆ ಬರಗಾಲದಲ್ಲಿ ಎಲ್ಲವೂ ಸಾಯುವುದು. ರೇಯ ಕಥೆಯೇ! ಅದನ್ನು ನೂರಾರು ಕಲಾವಿದರಿದ್ದ ಒಂದು ಸ್ಟುಡಿಯೋ ಮಾಡಿತ್ತು. ಅಲ್ಲಿಗೆ ಅವನ ಯೋಜನೆ ನಿಂತಿತು. ಹಾಗೆ ನಿಂತದ್ದು ನೋವು ಕೊಟ್ಟಿರಬೇಕು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಗಮನಿಸಿ, ಡಿಸ್ನಿಯವರು ಅದನ್ನು ಚಿತ್ರ ಬರೆದು ಮಾಡಿದರು. ಬರೆಯುವಾಗ ಹೊಸ ಪ್ರಾಣಿಗೆ ಹೊಸ ಕೀಲು ಬೇಕಾಗಿಲ್ಲ, ಹೊಸ ರಬ್ಬರ್ ಬೇಕಾಗಿಲ್ಲ. ಒಂದರ ನಂತರ ಒಂದು ಜೀವ ಬಂದು ಹೋಗುವ ಕಥೆ ಅವರ ವಿಧಾನಕ್ಕೆ, ಅಷ್ಟು ಜನರ ಕೈಗೆ, ಒಗ್ಗುವಂಥದ್ದು. ಗೊಂಬೆ ಇಟ್ಟುಕೊಂಡು ಒಬ್ಬನೇ ಕೂತವನಿಗೆ ಅದು ಒಗ್ಗುವುದಿಲ್ಲ. ಹಾಗಾಗಿ ನನ್ನ ಪ್ರಕಾರ ‘ಫ್ಯಾಂಟೇಸಿಯಾ’ ಮಾಡಿದ್ದು ಇಷ್ಟು: ಮೊದಲೇ ತಡವರಿಸುತ್ತಿದ್ದ ಕೆಲಸಕ್ಕೆ ಒಂದು ಕೊನೇ ತಾರೀಕು ಕೊಟ್ಟಿತು.

ನಿಲ್ಲಿಸಿದ ಮೇಲೆ ಅವನು ಏನು ಮಾಡಿದ ಅನ್ನುವುದು ನನಗೆ ಇನ್ನೂ ಮುಖ್ಯ. ತೆಗೆದ ಫಿಲ್ಮನ್ನು ಎಸೆಯಲಿಲ್ಲ. ಮುಗಿಯದ ಆ ಚೂರುಗಳನ್ನೇ ಜಾರ್ಜ್ ಪಾಲ್ ಅವರಿಗೆ ತೋರಿಸಿದ. ಪಾಲ್ ಹಂಗೇರಿಯವರು, ಆಗಷ್ಟೇ ಹಾಲಿವುಡ್‌ಗೆ ಬಂದು ‘ಪಪೆಟೂನ್ಸ್’ ಅನ್ನುವ ಗೊಂಬೆ ಸಿನಿಮಾಗಳನ್ನು ಶುರು ಮಾಡುತ್ತಿದ್ದರು. ಆ ಚೂರುಗಳನ್ನು ನೋಡಿಯೇ ಕೆಲಸ ಕೊಟ್ಟರು. ಪಾಲ್ ಅವರ ವಿಧಾನ ಬೇರೆ. ಅಲ್ಲಿ ಕೀಲು ತಿರುಗಿಸುವುದಿಲ್ಲ. ಒಂದು ಹೆಜ್ಜೆಗೆ ಬೇಕಾದ ಅಷ್ಟೂ ಭಂಗಿಗಳನ್ನು ಮೊದಲೇ ಮರದಲ್ಲಿ ಕೆತ್ತಿ ಇಟ್ಟಿರುತ್ತಾರೆ, ಒಂದು ಸಣ್ಣ ಸಿನಿಮಾಗೆ ಸಾವಿರಾರು ತುಂಡು. ಫ್ರೇಮ್ ತೆಗೆಯುವವನು ಒಂದನ್ನು ಎತ್ತಿ ಇನ್ನೊಂದನ್ನು ಇಡಬೇಕು. ರೇಗೆ ಇದು ಅಷ್ಟು ಹಿಡಿಸಲಿಲ್ಲ, ಯಾಕೆಂದರೆ ಮೇಜಿನ ಮುಂದೆ ನಿಂತಾಗ ತಾನಾಗಿ ಏನೂ ಹೊಸದು ಸೇರಿಸುವ ಹಾಗಿರಲಿಲ್ಲ. ಆದರೂ ಎರಡು ವರ್ಷ ಇದ್ದ, ಕಲಿತ.

ಆಮೇಲೆ ಯುದ್ಧ. ಸೇತುವೆ ಕಟ್ಟುವುದನ್ನು ಪುಟ್ಟ ಮಾದರಿಗಳಲ್ಲಿ ತೋರಿಸುವ ಒಂದು ಕಿರುಚಿತ್ರವನ್ನು ರೇ ತಾನಾಗಿ ಮಾಡಿದ್ದ. ಅದು ನಿರ್ದೇಶಕ ಫ್ರಾಂಕ್ ಕಾಪ್ರಾ ಅವರ ಕಣ್ಣಿಗೆ ಬಿದ್ದು, ಸೈನ್ಯದ ಸಿನಿಮಾ ವಿಭಾಗದಲ್ಲಿ ಜಾಗ ಸಿಕ್ಕಿತು. ಯುದ್ಧ ಮುಗಿಯುವ ಹೊತ್ತಿಗೆ ನೌಕಾಪಡೆಯವರು ಅವಧಿ ಮೀರಿತು ಅಂತ ಬಿಸಾಡುತ್ತಿದ್ದ 1,000 ಅಡಿ ಕೊಡಾಕ್ರೋಮ್ ಬಣ್ಣದ ಫಿಲ್ಮ್ ಅವರಿಗೆ ಸಿಕ್ಕಿತು.

1,000 ಅಡಿ 16 ಎಂಎಂ ಫಿಲ್ಮ್ ಅಂದರೆ 40,000 ಫ್ರೇಮ್. ಸೆಕೆಂಡಿಗೆ 24ರ ಲೆಕ್ಕದಲ್ಲಿ 28 ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಇದು ಮುಗಿದರೆ ಮುಗಿಯಿತು. ಈ ಸಲ ಅವರು ಜಗತ್ತಿನ ಹುಟ್ಟಿಗೆ ಕೈ ಹಾಕಲಿಲ್ಲ. ಇಂಗ್ಲಿಷ್ ಮಕ್ಕಳ ಪದ್ಯಗಳನ್ನು ತೆಗೆದುಕೊಂಡರು. ಹಂಪ್ಟಿ ಡಂಪ್ಟಿ, ಲಿಟ್ಲ್ ಮಿಸ್ ಮಫೆಟ್, ಇಂಥವು ನಾಲ್ಕು. ಒಂದೊಂದರಲ್ಲೂ ಕೆಲವೇ ಗೊಂಬೆ. ಶುರು ಎಲ್ಲಿ, ಮುಗಿಯುವುದೆಲ್ಲಿ ಅಂತ ಪದ್ಯವೇ ಹೇಳುತ್ತದೆ. 1946ರಲ್ಲಿ ‘ಮದರ್ ಗೂಸ್ ಸ್ಟೋರೀಸ್’ ಮುಗಿಯಿತು! ಅದೇ ಗ್ಯಾರೇಜ್, ಅದೇ ಅಪ್ಪ ಅಮ್ಮ, ಹೆಚ್ಚು ಕಡಿಮೆ ಅದೇ ಸಲಕರಣೆ. ಬದಲಾದದ್ದು ಕಥೆಯ ಆಕಾರ. ಆಮೇಲೆ ಒಂದರ ಹಿಂದೆ ಒಂದು ಕಾಲ್ಪನಿಕ ಕಥೆಗಳು ಬಂದವು. 1949ರಲ್ಲಿ ‘ಲಿಟ್ಲ್ ರೆಡ್ ರೈಡಿಂಗ್ ಹುಡ್’, 1951ರಲ್ಲಿ ‘ರಪುಂಜೆಲ್’ ಮತ್ತು ‘ಹ್ಯಾನ್ಸೆಲ್ ಆ್ಯಂಡ್ ಗ್ರೆಟೆಲ್’, 1953ರಲ್ಲಿ ಮುಟ್ಟಿದ್ದೆಲ್ಲ ಚಿನ್ನವಾಗುವ ಮೈಡಾಸ್ ರಾಜನ ಕಥೆ. ಶಾಲೆಗಳಲ್ಲಿ ಮಕ್ಕಳು ಇವನ್ನು ನೋಡಿ ಬೆಳೆದರು. ಮುಖದ ಭಾವ ಬದಲಿಸಲು ಬೇರೆ ಬೇರೆ ತಲೆಗಳನ್ನೇ ಮಾಡಿಟ್ಟುಕೊಂಡು ಬದಲಿಸುತ್ತಿದ್ದರು. ಇದು ಪಾಲ್ ಅವರ ಹತ್ತಿರ, ಹಿಡಿಸದ ಆ ಕೆಲಸದಲ್ಲಿ, ಕಲಿತದ್ದು.

ಮುಗಿಯದ ಕೆಲಸ ಬೇರೆ ಕಡೆ ಹೋಗಿ ಸೇರಿಕೊಳ್ಳುವುದು ಈ ಕಸುಬಿನಲ್ಲಿ ಮಾಮೂಲಿ ಅಂತ ಕಾಣುತ್ತದೆ. ಗುರು ಓಬ್ರಿಯನ್ ಅವರದ್ದೇ ನೋಡಿ. ಆರ್‌ಕೆಓ ಸ್ಟುಡಿಯೋದಲ್ಲಿ ಅವರು ‘ಕ್ರಿಯೇಷನ್’ ಅಂತ ಡೈನೋಸಾರ್ ಸಿನಿಮಾ ಮಾಡುತ್ತಿದ್ದರು. 1931ರಲ್ಲಿ ನಿರ್ಮಾಪಕ ಮೆರಿಯನ್ ಕೂಪರ್ ಬಂದು ಅದನ್ನು ನಿಲ್ಲಿಸಿದರು. ಅದರಲ್ಲಿ ಕಥೆಯೇ ಇಲ್ಲ, ಪ್ರಾಣಿಗಳು ಸುಮ್ಮನೆ ಓಡಾಡುತ್ತವೆ ಅನ್ನುವುದು ಅವರ ತಕರಾರು. ಆದರೆ ಆ ಗೊಂಬೆಗಳನ್ನೂ ಆ ಜನರನ್ನೂ ಬಿಡಲಿಲ್ಲ, ತಾವು ಮಾಡಬೇಕೆಂದಿದ್ದ ಗೊರಿಲ್ಲಾ ಕಥೆಗೆ ಹಾಕಿಕೊಂಡರು. ಅದೇ ‘ಕಿಂಗ್ ಕಾಂಗ್’. ಕಥೆಯಿಲ್ಲದ ಪ್ರಾಣಿಗಳ ಓಡಾಟ ನಿಲ್ಲುತ್ತದೆ, ಒಂದು ಪ್ರಾಣಿಯ ಕಥೆ ಮುಗಿಯುತ್ತದೆ ಅಂತ ನಾನು ಹೇಳುತ್ತಿರುವುದನ್ನು ಕೂಪರ್ ಅಷ್ಟು ಮೊದಲೇ ಕಂಡಿದ್ದರು. ರೇ ಸೂಟ್‌ಕೇಸ್ ಹಿಡಿದು ಹೋದಾಗ ನಡೆಯುತ್ತಿದ್ದ ‘ವಾರ್ ಈಗಲ್ಸ್’ ಕೂಡ ಸಿನಿಮಾ ಆಗಲೇ ಇಲ್ಲ. 1940ರ ದಶಕದಲ್ಲಿ ನಿಂತ ಓಬ್ರಿಯನ್ ಅವರ ‘ಗ್ವಾಂಜಿ’ ಅನ್ನುವ ಡೈನೋಸಾರ್ ಸಿನಿಮಾವನ್ನು, ಅವರು 1962ರಲ್ಲಿ ತೀರಿಕೊಂಡ ಮೇಲೆ, ಶಿಷ್ಯ ರೇ ಅವರೇ ತೆಗೆದುಕೊಂಡು 1969ರಲ್ಲಿ ಪರದೆಗೆ ತಂದರು. ‘ಎವಲ್ಯೂಷನ್’ನ ಆಸೆಯೂ ಪೂರ್ತಿ ಸಾಯಲಿಲ್ಲ. 1956ರ ‘ದಿ ಆ್ಯನಿಮಲ್ ವರ್ಲ್ಡ್’ ಅನ್ನುವ ಚಿತ್ರದ ಡೈನೋಸಾರ್ ಭಾಗವನ್ನು ಗುರು ಶಿಷ್ಯ ಇಬ್ಬರೂ ಸೇರಿ ಮಾಡಿದರು. ಅಲ್ಲಿ ಅದು ಒಂದು ಸಣ್ಣ ಭಾಗ, ಅಷ್ಟಕ್ಕೇ ಸೀಮಿತ.

ಕೊನೆಗೆ ಒಂದು ಹೋಲಿಕೆ, ನನ್ನ ಮಾತಿಗೆ ಇದಕ್ಕಿಂತ ಗಟ್ಟಿ ಆಧಾರ ನನಗೆ ಸಿಕ್ಕಿಲ್ಲ.

ರೇ ಅವರು ಅರ್ಧಕ್ಕೆ ಬಿಟ್ಟ ಇನ್ನೊಂದು ಸಿನಿಮಾ ಇದೆ. ಆಮೆ ಮೊಲದ ಓಟದ ಕಥೆ. 1952ರಲ್ಲಿ ಶುರು ಮಾಡಿ, ಕೆಲವೇ ನಿಮಿಷ ತೆಗೆದು, ದೊಡ್ಡ ಸಿನಿಮಾದ ಕೆಲಸ ಬಂದದ್ದರಿಂದ ಬಿಟ್ಟರು. ಗೊಂಬೆಗಳು ಉಳಿದಿದ್ದವು. ಎಷ್ಟೋ ವರ್ಷ ಆದಮೇಲೆ ಮಾರ್ಕ್ ಕಬಲೆರೊ ಮತ್ತು ಸೀಮಸ್ ವಾಲ್ಷ್ ಅನ್ನುವ ಇಬ್ಬರು ಕಿರಿಯ ಆ್ಯನಿಮೇಟರ್‌ಗಳು, ನಾವು ಮುಗಿಸಿಕೊಡುತ್ತೇವೆ ಅಂತ ಅವರನ್ನು ಕೇಳಿದರು. ರೇ ಅವರಿಗೆ ಆಗ 80 ದಾಟಿತ್ತು. ಒಪ್ಪಿದರು, ಜೊತೆಗೆ ನಿಂತರು. ಹಳೇ ಗೊಂಬೆಗಳನ್ನೇ ಮತ್ತೆ ಮೇಜಿನ ಮೇಲೆ ಇಟ್ಟು, 50 ವರ್ಷ ಹಿಂದಿನ ದೃಶ್ಯಕ್ಕೆ ಹೊಸ ದೃಶ್ಯ ಹೊಂದಿಸಿ, 2002ರಲ್ಲಿ ಸಿನಿಮಾ ಮುಗಿಯಿತು.

ಇದು ಹೇಗೆ ಸಾಧ್ಯವಾಯಿತು? ಮುಖ್ಯ ಗೊಂಬೆ ಎರಡು ಮೂರು. ಒಂದೇ ದಾರಿ, ಒಂದೇ ಓಟ. ಕೊನೆಯಲ್ಲಿ ಏನಾಗುತ್ತದೆ ಅಂತ ಲೋಕಕ್ಕೆಲ್ಲ ಗೊತ್ತು, ರೇ ಅವರ ತಲೆಯೊಳಗೆ ಮಾತ್ರ ಇದ್ದ ಗುಟ್ಟೇನಲ್ಲ. ಹಾಗಾಗಿ ಇನ್ನೊಬ್ಬರು ಬಂದು, ಅವರು ಬಿಟ್ಟ ಫ್ರೇಮಿನಿಂದಲೇ ಎತ್ತಿಕೊಳ್ಳಬಹುದಾಗಿತ್ತು. ‘ಎವಲ್ಯೂಷನ್’ ಅನ್ನು ಹಾಗೆ ಎತ್ತಿಕೊಳ್ಳಲು ಯಾರಿಗಾದರೂ ಆಗುತ್ತಿತ್ತಾ? ಮುಂದಿನ ಪ್ರಾಣಿ ಯಾವುದು, ಎಷ್ಟು ಪ್ರಾಣಿ ಆದ ಮೇಲೆ ಸಾಕು, ಯಾವ ಹೆಜ್ಜೆಗೆ ತೆರೆ ಬೀಳಬೇಕು, ಇದನ್ನೆಲ್ಲ ಯಾರು ಹೇಳಬೇಕು?

ರೇ ಅವರು 2013ರ ಮೇ 7ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅವರೂ ಪತ್ನಿ ಡಯಾನಾ ಅವರೂ 1986ರಲ್ಲಿ ಕಟ್ಟಿದ ಪ್ರತಿಷ್ಠಾನ ಅವರ ಗೊಂಬೆ, ಚಿತ್ರ, ಕಾಗದ ಎಲ್ಲವನ್ನೂ ಜೋಪಾನ ಮಾಡುತ್ತಿದೆ. ‘ಎವಲ್ಯೂಷನ್’ನ ಉಳಿದ ಚೂರುಗಳು ಈಗ ನೋಡಲು ಸಿಗುತ್ತವೆ. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಬಣ್ಣ ಸ್ವಲ್ಪ ಮಾಸಿದೆ, ಅಲ್ಲಲ್ಲಿ ಚಲನೆ ತಡೆದು ತಡೆದು ಬರುತ್ತದೆ. ಆದರೆ ಉದ್ದ ಕುತ್ತಿಗೆಯ ಆ ಪ್ರಾಣಿಯ ಮೈಯಲ್ಲಿ ತೂಕ ಇದೆ, ಕಾಲಿಟ್ಟರೆ ನೆಲ ಅದುರಬೇಕು ಅನ್ನುವಂಥ ತೂಕ. ಆ ಕಾಲುಗಳಿಗೆ ಸಾಸೇಜ್ ಅಂತ ಯಾರೂ ಹೇಳುವ ಹಾಗಿಲ್ಲ.

ನಾನು ಕಳೆದ ವಾರ ಪೆಟ್ಟಿಗೆ ಕೆಳಗಿಳಿಸಿದೆ. ಅರಮನೆಯನ್ನು ಅಲ್ಲೇ ಬಿಟ್ಟಿದ್ದೇನೆ. ಒಂದು ಆನೆ, ಒಬ್ಬ ಮಾವುತ, ಮೆರವಣಿಗೆ ಮುಗಿದ ರಾತ್ರಿ, ಆನೆಗೆ ಅವನು ಬೆಲ್ಲ ತೆಂಗಿನಕಾಯಿ ತಿನ್ನಿಸುವುದು. ಸುಮಾರು ಒಂದು ನಿಮಿಷ, 720 ಫೋಟೋ. ಮಾವುತನ ಬಲಗೈಗೆ ಈ ಸಲ ಎರಡು ಎಳೆ ಅಲ್ಯೂಮಿನಿಯಂ ತಂತಿ ಹೊಸೆದು ಹಾಕಿದ್ದೇನೆ.